ನೀಲಿ ಅಂಗಿಯ ಕಾಗದ

ನನ್ನ ಚಿಕ್ಕಮ್ಮನ ಮಗಳು ಕಾಗದ ಮಾಡುತ್ತಾಳೆ. ಹಾಗೆಂದರೆ ಜನಕ್ಕೆ ಅರ್ಥವಾಗುವುದಿಲ್ಲ. ‘ಕಾಗದದಲ್ಲಿ ಏನು ಮಾಡ್ತಾಳೆ?’ ಎಂದು ಕೇಳುತ್ತಾರೆ. ಕಾಗದದಲ್ಲಿ ಏನೂ ಮಾಡುವುದಿಲ್ಲ, ಕಾಗದವನ್ನೇ ಮಾಡುತ್ತಾಳೆ ಎಂದರೆ, ‘ಅದಕ್ಕೆ ಫ್ಯಾಕ್ಟರಿ ಇದೆಯಲ್ಲ’ ಎನ್ನುತ್ತಾರೆ. ಊಟಕ್ಕೆ ಹೋಟೆಲೂ ಇದೆ, ನಿಮ್ಮ ಮನೆಯಲ್ಲಿ ಒಲೆ ಯಾಕಿದೆ ಎಂದು ನಾನು ತಿರುಗಿ ಕೇಳಿಬಿಡುತ್ತೇನೆ. ನನ್ನ ಬಾಯಿ ಹಾಗೆ. ಅವಳದು ಹಾಗಲ್ಲ. ಯಾರಾದರೂ ಕೇಳಿದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ‘ಸುಮ್ನೆ, ಒಂಥರಾ ಆರ್ಟು’ ಎಂದು ಗೊಣಗಿ ಅಲ್ಲಿಂದ ಜಾರಿಕೊಳ್ಳುತ್ತಿದ್ದಳು.

ಕೈ ಹಿಂದೆ ಕಟ್ಟಿಕೊಳ್ಳುವುದಕ್ಕೂ ಕಾರಣವಿತ್ತು. ದಿನವಿಡೀ ನೀರಿನಲ್ಲಿ ನೆನೆದು ಬೆರಳ ತುದಿಗಳು ಬಿಳುಚಿಕೊಂಡು ಸುಕ್ಕಾಗಿರುತ್ತಿದ್ದವು. ಕಾಗದಕ್ಕೆಂದು ಹಳೆಯ ಬಟ್ಟೆ ಬೇಯಿಸುವಾಗ ಹಾಕುವ ಸೋಡಾದಿಂದ ಉಗುರಿನ ಸುತ್ತ ಚರ್ಮ ಬಿರಿದಿರುತ್ತಿತ್ತು. ಸ್ನಾತಕೋತ್ತರ ಪದವಿ ಮುಗಿಸಿದವಳ ಕೈ ಹಾಗಿರುವುದಿಲ್ಲ ಎಂದು ಅವಳಿಗೇ ಅನ್ನಿಸುತ್ತಿತ್ತೇನೋ. ಹಳೆಯ ದುಪ್ಪಟಿ, ಹರಿದ ಪರದೆ, ಹಗ್ಗದ ತುಂಡು, ಏನು ಕಂಡರೂ ಚೀಲಕ್ಕೆ ತುಂಬಿಕೊಂಡು ಬರುವ ಅವಳಿಗೆ ರದ್ದಿ ಎಂದು ಹೆಸರಿಟ್ಟವಳು ನಾನೇ. ಹೆಸರು ಎಷ್ಟು ಅಂಟಿಕೊಂಡಿತೆಂದರೆ ಅವಳ ಅಮ್ಮನೂ ಊಟಕ್ಕೆ ಹಾಗೆಯೇ ಕೂಗತೊಡಗಿದರು.

ಕಲಾಶಾಲೆಯಲ್ಲಿ ಇರುವಷ್ಟು ದಿನ ಅವಳು ರಾಣಿಯ ಹಾಗಿದ್ದಳು. ಅಲ್ಲಿ ಬಟ್ಟೆ ಜಜ್ಜುವ ಯಂತ್ರವಿತ್ತು, ತೊಟ್ಟಿಗಳಿದ್ದವು, ಒತ್ತುವ ಪ್ರೆಸ್ ಇತ್ತು. ಪದವಿ ಕೈಗೆ ಬಂತು, ಯಂತ್ರ ಅಲ್ಲೇ ಉಳಿಯಿತು. ಕಾಗದ ಮಾಡುವುದನ್ನು ಕಲಿಸಿ, ಕಾಗದ ಮಾಡಲು ಬೇಕಾದ ಒಂದೂ ವಸ್ತು ಕೊಡದೆ ಮನೆಗೆ ಕಳಿಸುವುದು ಎಂಥ ನ್ಯಾಯವೋ ನನಗೆ ತಿಳಿಯದು. ಮೊದಲು ಅವಳು ಚಿಕ್ಕಮ್ಮನ ಮಿಕ್ಸಿಯಲ್ಲಿ ಬಟ್ಟೆ ಅರೆಯಲು ನೋಡಿದಳು. ಮಿಕ್ಸಿ ಹೊಗೆ ಕಾರಿ ಕಣ್ಣು ಮುಚ್ಚಿತು. ‘ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮ್ಮನೇಲಿ ಕೈಯೂ ಕೆಸರು, ಮಿಕ್ಸೀನೂ ಕೆಸರು’ ಎಂದರು ಚಿಕ್ಕಪ್ಪ.

ಚಿಕ್ಕಪ್ಪ ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕೆಟ್ಟವರಲ್ಲ. ಆದರೆ ನಾಲ್ಕು ಜನರ ಬಾಯಿಗೆ ಹೆದರಿ ಬದುಕಿದವರು. ಒಮ್ಮೆ ಅಪ್ಪ ಮಗಳು ಇಬ್ಬರೂ ತರಕಾರಿ ತರಲು ಹೋದಾಗ ಹಳೆಯ ಸಹೋದ್ಯೋಗಿ ಎದುರಾಗಿ, ‘ಮಗಳು ಏನು ಮಾಡ್ತಿದಾಳೆ?’ ಎಂದು ಕೇಳಿದರಂತೆ. ಚಿಕ್ಕಪ್ಪ ಅವಳ ಮುಖ ನೋಡಲಿಲ್ಲ, ಕೈ ನೋಡಿದರು. ಆಮೇಲೆ, ‘ಡಿಸೈನ್ ಲೈನಲ್ಲಿದಾಳೆ’ ಎಂದರು. ಅದನ್ನು ನನಗೆ ಹೇಳುವಾಗ ಅವಳು ನಕ್ಕಳು. ‘ಸುಳ್ಳೇನಲ್ಲ ಬಿಡಕ್ಕ’ ಎಂದಳು. ನನಗೆ ಮಾತ್ರ ಮೈ ಉರಿಯಿತು.

ಅವಳ ಕೆಲಸವನ್ನು ಕೆಲಸವೆಂದು ಒಪ್ಪಿಕೊಂಡವರು ಇಡೀ ಬಳಗದಲ್ಲಿ ನನ್ನಪ್ಪ ಒಬ್ಬರೇ. ಅಪ್ಪ ಲಿಫ್ಟ್ ಮೆಕ್ಯಾನಿಕ್. ಕಟ್ಟಡಗಳ ತಲೆಯ ಮೇಲೆ ಹತ್ತಿ ಮೋಟಾರು ಸರಿಮಾಡುವ ಕೆಲಸ. ಆದರೂ ದಿನಾ ತಿಳಿನೀಲಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡೇ ಹೊರಡುತ್ತಿದ್ದರು. ‘ಗ್ರೀಸು ಲಿಫ್ಟಿಗೆ, ನನಗಲ್ಲ’ ಎನ್ನುತ್ತಿದ್ದರು. ರದ್ದಿ ಯಾರದೋ ಮನೆಯ ಹಿಂದಿನ ಖಾಲಿ ಕಾರ್ ಶೆಡ್ಡನ್ನು ಬಾಡಿಗೆಗೆ ಹಿಡಿದಾಗ, ಅಪ್ಪ ಒಬ್ಬ ವೆಲ್ಡರನ್ನು ಕರೆದುಕೊಂಡು ಹೋಗಿ ಅವಳಿಗೊಂದು ಯಂತ್ರ ಮಾಡಿಸಿಕೊಟ್ಟರು. ಉದ್ದನೆಯ ಮೊಟ್ಟೆಯಾಕಾರದ ತೊಟ್ಟಿ, ಒಂದು ಬದಿಗೆ ಉಕ್ಕಿನ ಪಟ್ಟಿಗಳಿರುವ ಉರುಳೆ, ಅದನ್ನು ತಿರುಗಿಸಲು ಹಳೆಯ ಮೋಟಾರು. ಬೇಯಿಸಿದ ಬಟ್ಟೆಯ ಚೂರುಗಳು ನೀರಿನೊಂದಿಗೆ ಸುತ್ತು ಹಾಕುತ್ತ ಉರುಳೆಯ ಅಡಿಗೆ ಸಿಕ್ಕಿ, ಜಜ್ಜಿ ಜಜ್ಜಿ, ಕೊನೆಗೆ ಗಂಜಿಯ ಹಾಗೆ ತಿರುಳಾಗುತ್ತಿದ್ದವು. ಆ ತಿರುಳನ್ನು ಜರಡಿಯಲ್ಲಿ ತೆಳ್ಳಗೆ ಎತ್ತಿ, ಒತ್ತಿ ಒಣಗಿಸಿದರೆ ಹಾಳೆ. ಭಾನುವಾರಗಳಲ್ಲಿ ಅಪ್ಪ ಹೋಗಿ ಬೆಲ್ಟು ಬಿಗಿ ಮಾಡಿ, ಬೇರಿಂಗಿಗೆ ಎಣ್ಣೆ ಬಿಟ್ಟು ಬರುತ್ತಿದ್ದರು. ‘ಇದೂ ಲಿಫ್ಟೇ ಕಣಮ್ಮ, ಮೇಲೆ ಕೆಳಗೆ ಹೋಗಲ್ಲ ಅಷ್ಟೆ’ ಎನ್ನುತ್ತಿದ್ದರು.

ಬೆಳಗ್ಗೆ ಫೋಟೋ ಫ್ರೇಮ್ ಅಂಗಡಿಯಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಶೆಡ್ಡು. ಹೀಗೆ ಕೆಲವು ವರ್ಷ ನಡೆಯಿತು. ಪ್ರದರ್ಶನಕ್ಕೆ ಕಳಿಸಿದ ಕಾಗದಗಳು ಹೋದ ಹಾಗೆಯೇ ವಾಪಸ್ ಬರುತ್ತಿದ್ದವು. ಅಂಥ ದಿನ ಅವಳು ಹಿಂದಿನ ಬೀದಿಯಿಂದ ಬಳಸಿ ಮನೆ ಸೇರುತ್ತಿದ್ದಳು, ಕಂಕುಳಲ್ಲಿ ಕಟ್ಟು ಕಂಡರೆ ಯಾರಾದರೂ ಏನಾದರೂ ಕೇಳಿಯಾರು ಎಂದು.

ಕೈ ಹಿಡಿದದ್ದು ಒಬ್ಬ ನರ್ಸ್. ನಿವೃತ್ತಿಯಾದ ಮೇಲೆ ತನ್ನ ಹಳೆಯ ಯೂನಿಫಾರ್ಮುಗಳನ್ನು ತಂದು, ‘ಎಸೆಯೋಕೆ ಮನಸ್ಸಿಲ್ಲ, ಇಟ್ಕೊಳ್ಳೋಕೆ ಜಾಗ ಇಲ್ಲ, ಕಾಗದ ಆಗುತ್ತಾ?’ ಎಂದು ಕೇಳಿದರು. ಆಯಿತು. ದಪ್ಪನೆಯ, ಅಂಚು ಸವೆದ ಹಾಗಿರುವ, ಮುಟ್ಟಿದರೆ ಬೆಚ್ಚಗೆನಿಸುವ ಹಾಳೆಗಳು. ನರ್ಸ್ ಅದರ ಮೇಲೆ ಮೊಮ್ಮಕ್ಕಳಿಗೆ ಪತ್ರ ಬರೆದರು. ಅಲ್ಲಿಂದ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಜನ ಬಟ್ಟೆ ತರತೊಡಗಿದರು. ಮಗುವಿನ ಕುಲಾವಿ, ಅಜ್ಜಿಯ ದುಪ್ಪಟಿ, ತೀರಿಹೋದವರ ಅಂಗಿ.

ಎಲ್ಲ ಬಟ್ಟೆಯೂ ಕಾಗದವಾಗುವುದಿಲ್ಲ. ಹತ್ತಿ ಆಗುತ್ತದೆ, ನಾರುಬಟ್ಟೆ ಆಗುತ್ತದೆ. ಪಾಲಿಯೆಸ್ಟರ್ ಏನು ಮಾಡಿದರೂ ಆಗುವುದಿಲ್ಲ. ಅದರ ಎಳೆಗೆ ನೀರು ಹಿಡಿಯದು, ಒಂದಕ್ಕೊಂದು ಅಂಟಿಕೊಳ್ಳದು. ಆದ್ದರಿಂದ ರದ್ದಿಗೆ ಒಂದು ಪದ್ಧತಿಯಿತ್ತು. ಯಾರು ಬಟ್ಟೆ ತಂದರೂ ಅವರೆದುರಿಗೇ ಹೊಲಿಗೆಯಂಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರುವಳು. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಗುಂಡು ನಿಲ್ಲುತ್ತದೆ. ಗುಂಡು ನಿಂತರೆ, ‘ಇದು ಆಗಲ್ಲ, ಕ್ಷಮಿಸಿ’ ಎಂದು ಬಟ್ಟೆಯನ್ನು ಮಡಚಿ ವಾಪಸ್ ಕೊಡುವಳು. ಬೇರೆಲ್ಲ ಮಾತಿಗೂ ತಡವರಿಸುವ ಹುಡುಗಿ ಇದೊಂದನ್ನು ಮಾತ್ರ ತಡವರಿಸದೆ ಹೇಳುತ್ತಿದ್ದಳು.

ಅಪ್ಪ ಹೋದರು. ಲಿಫ್ಟಿನಿಂದ ಬಿದ್ದಲ್ಲ, ಬೆಳಗ್ಗೆ ಕಾಫಿ ಕುಡಿಯುತ್ತ ಕೂತಲ್ಲೇ. ಅಮ್ಮ ಅಲಮಾರಿಯ ಬಾಗಿಲು ತೆರೆಯದೆ ತಿಂಗಳುಗಟ್ಟಲೆ ಕಳೆದರು. ತೆರೆದರೆ ನೀಲಿ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ವರ್ಷ ತುಂಬುವ ದಿನ ಹತ್ತಿರ ಬಂದಾಗ ಅಮ್ಮನಿಗೆ ತಾನೇ ತಾನಾಗಿ ಒಂದು ಯೋಚನೆ ಬಂತು. ಆ ಅಂಗಿಗಳನ್ನು ಕಾಗದ ಮಾಡಿಸುವುದು, ಬಂದ ನಂಟರಿಗೆಲ್ಲ ಒಂದೊಂದು ಹಾಳೆ ಕೊಡುವುದು, ಅಪ್ಪನ ಬಗ್ಗೆ ನೆನಪಿರುವುದನ್ನು ಅದರ ಮೇಲೆ ಬರೆಸಿಕೊಳ್ಳುವುದು. ಅಷ್ಟು ದಿನಗಳ ಮೇಲೆ ಅಮ್ಮನ ಮುಖದಲ್ಲಿ ಕಳೆ ಕಂಡು ನನಗೂ ಸಮಾಧಾನವಾಯಿತು. ನಾನೇ ಶೆಡ್ಡಿಗೆ ಕರೆದುಕೊಂಡು ಹೋದೆ.

ರದ್ದಿ ಅಂಗಿಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಭ್ಯಾಸದಂತೆ ಕೈ ಬೆಂಕಿಪೊಟ್ಟಣಕ್ಕೆ ಹೋಯಿತು. ಅಮ್ಮನ ಮುಖ ನೋಡಿ ಅಲ್ಲೇ ನಿಂತಿತು. ಹೆಂಡತಿಯ ಕಣ್ಣೆದುರು ದೊಡ್ಡಪ್ಪನ ಅಂಗಿಗೆ ಬೆಂಕಿ ತೋರಿಸುವುದು ಹೇಗೆ?

‘ಕಾಟನ್ನಾ ದೊಡ್ಡಮ್ಮ?’ ಎಂದು ಮಾತ್ರ ಕೇಳಿದಳು.

‘ಕಾಟನ್ನೇ ಕಣೆ. ಅವರಿಗೆ ಬೇರೆ ಬಟ್ಟೆ ಆಗಿಬರ್ತಿರಲಿಲ್ಲ’ ಎಂದರು ಅಮ್ಮ.

ನಾವು ಹೋದ ಮೇಲಾದರೂ ಒಂದೆಳೆ ಸುಟ್ಟು ನೋಡಬಹುದಿತ್ತು. ದೊಡ್ಡಮ್ಮನ ಮಾತನ್ನು ಬೆನ್ನ ಹಿಂದೆ ಪರೀಕ್ಷೆ ಮಾಡುವುದು ತಪ್ಪೆನಿಸಿತಂತೆ. ಗುಂಡಿ ಬಿಚ್ಚಿ, ಕಾಲರು ಬಿಡಿಸಿ, ಎಲ್ಲವನ್ನೂ ಚೂರು ಚೂರಾಗಿ ಕತ್ತರಿಸಿ, ಬೇಯಿಸಿ, ಅಪ್ಪ ಮಾಡಿಸಿಕೊಟ್ಟ ಯಂತ್ರಕ್ಕೇ ಹಾಕಿದಳು. ಮುಂದಿನದ್ದೆಲ್ಲ ನನಗೆ ಬಹಳ ತಡವಾಗಿ ತಿಳಿಯಿತು.

ಯಂತ್ರ ದಿನವೆಲ್ಲ ತಿರುಗಿತು. ತಿರುಳಾಗಲಿಲ್ಲ. ಎಳೆಗಳು ಬಿಟ್ಟುಕೊಂಡವೇ ಹೊರತು ಮೆತ್ತಗಾಗಲಿಲ್ಲ. ಗಂಟು ಗಂಟಾಗಿ ಉರುಳೆಗೆ ಸುತ್ತಿಕೊಂಡವು. ಜರಡಿಯಲ್ಲಿ ಎತ್ತಿದರೆ ಹಾಳೆ ನಿಲ್ಲದೆ ಕೂದಲಿನ ಹಾಗೆ ಜಾರಿ ತೊಟ್ಟಿಗೇ ಬಿತ್ತು. ಆಗ ಅವಳು ಉಳಿದಿದ್ದ ಒಂದೆಳೆ ಹುಡುಕಿ ಕಡ್ಡಿ ಗೀರಿದಳು. ತುದಿಯಲ್ಲಿ ಗಟ್ಟಿ ಗುಂಡು ನಿಂತಿತು. ಮುಕ್ಕಾಲು ಪಾಲು ಪಾಲಿಯೆಸ್ಟರ್.

ಆಗಲೇ ಓಡಿಬಂದು ಹೇಳಿಬಿಡಬಹುದಿತ್ತು. ನಾಚಿಕೆ ಎಂಬುದು ಮನುಷ್ಯನನ್ನು ಎಂಥ ಹಳ್ಳಕ್ಕೂ ಕೆಡವುತ್ತದೆ. ಇಷ್ಟು ಓದಿದವಳು, ಅಪರಿಚಿತರ ಬಟ್ಟೆಗೆಲ್ಲ ಮಾಡುವ ಪರೀಕ್ಷೆಯನ್ನು ತನ್ನ ದೊಡ್ಡಪ್ಪನ ಬಟ್ಟೆಗೆ ಮಾಡಲಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಅಮ್ಮ ಅಷ್ಟರಲ್ಲಿ ಬಳಗಕ್ಕೆಲ್ಲ ಫೋನು ಮಾಡಿ ಹೇಳಿಯಾಗಿತ್ತು. ರದ್ದಿಯ ಹತ್ತಿರ ಯಾವುದೋ ಹೋಟೆಲಿನವರು ಹೊರಹಾಕಿದ ಬಿಳಿ ಹತ್ತಿ ದುಪ್ಪಟಿಗಳ ಕಟ್ಟಿತ್ತು. ಅದನ್ನು ಬೇಯಿಸಿ, ಜಜ್ಜಿ, ನೀಲಿ ಬಣ್ಣ ಹಾಕಿದಳು. ಅಂಗಿಯ ನೀಲಿ ಬರುವ ತನಕ ಹಾಕಿದಳು. ಹಾಳೆಗಳು ಬಹಳ ಚೆನ್ನಾಗಿ ಬಂದವು. ಅವಳು ಅಷ್ಟು ಚೆನ್ನಾಗಿ ಅದುವರೆಗೆ ಮಾಡಿರಲಿಲ್ಲವಂತೆ, ಅದೊಂದು ಬೇರೆ ಕರ್ಮ.

ವರ್ಷ ತುಂಬಿದ ದಿನ ನಮ್ಮ ಮನೆಯ ಹಜಾರ ತುಂಬಿ ಹೊರಗೂ ಕುರ್ಚಿ ಹಾಕಿದ್ದೆವು. ಅಮ್ಮ ಮೊದಲ ಹಾಳೆ ತೆಗೆದುಕೊಂಡು ಕೆನ್ನೆಗೆ ಒತ್ತಿಕೊಂಡರು. ಮೂಗಿಗೆ ಹಿಡಿದರು. ‘ಅವರ ವಾಸನೇನೇ ಇದೆ ನೋಡೇ’ ಎಂದು ನನ್ನ ಮೂಗಿಗೂ ಹಿಡಿದರು. ನನಗೂ ಇತ್ತು ಎನಿಸಿತು, ಸತ್ಯವಾಗಿ. ಎಲ್ಲರೂ ಬರೆದರು, ಬರೆಯುತ್ತ ಅತ್ತರು. ಚಿಕ್ಕಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತು, ಯಾರೂ ಕೇಳದಿದ್ದರೂ, ‘ಇದನ್ನ ಮಾಡಿದ್ದು ನನ್ನ ಮಗಳು. ಕೈಯಲ್ಲೇ ಮಾಡಿದ್ದು’ ಎಂದರು.

ಅವಳು ಹುಟ್ಟಿದಂದಿನಿಂದ ಕಾದಿದ್ದ ಮಾತು ಅದು. ಬಾತ್‌ರೂಮಿಗೆ ಹೋದವಳು ಜನ ಕರಗುವ ತನಕ ಹೊರಗೆ ಬರಲಿಲ್ಲ. ನಾನು ಬಾಗಿಲು ತಟ್ಟಿ, ‘ಅಳಬೇಡ್ವೇ, ಅಪ್ಪ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರು’ ಎಂದೆ. ಒಳಗಿನಿಂದ ನಲ್ಲಿ ಇನ್ನೂ ಜೋರಾಗಿ ಬಿಟ್ಟ ಸದ್ದು ಕೇಳಿಸಿತು.

ಆಮೇಲಿನ ಚಿಕ್ಕಪ್ಪನನ್ನು ನೀವು ನೋಡಬೇಕಿತ್ತು. ತಮ್ಮ ಹಾಳೆಗೆ ಫ್ರೇಮು ಹಾಕಿಸಿ ಹಜಾರದಲ್ಲಿ ತೂಗುಹಾಕಿದರು. ಮನೆಗೆ ಬಂದವರನ್ನು ಮೊದಲು ಅದರ ಮುಂದೆ ನಿಲ್ಲಿಸಿ ಆಮೇಲೆ ಕೂರಿಸುವರು. ‘ಇದು ಬರೀ ಕಾಗದ ಅಲ್ಲ ಸ್ವಾಮಿ, ಒಬ್ಬ ಮನುಷ್ಯ’ ಎನ್ನುವರು. ಮಧ್ಯಾಹ್ನ ನಿದ್ದೆ ಬಿಟ್ಟು ಶೆಡ್ಡಿಗೆ ಹೋಗಿ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು, ಬಂದ ಬಟ್ಟೆಗಳ ಗುಂಡಿ ಬಿಚ್ಚಿಕೊಡುವರು. ಆ ವಯಸ್ಸಿನಲ್ಲಿ ಕತ್ತರಿ ಹಿಡಿಯಲು ಕಲಿತರು. ಅವರು ಒಂದೊಂದು ಗುಂಡಿ ಬಿಚ್ಚಿದಾಗಲೂ ರದ್ದಿ ಒಂದೊಂದು ಚೂರು ಕುಗ್ಗಿಹೋಗುತ್ತಿದ್ದಳು. ತೀರಿಹೋದವರ ಬಟ್ಟೆ ತಂದವರನ್ನು ಕೈ ಖಾಲಿಯಿಲ್ಲ ಎಂದು ವಾಪಸ್ ಕಳಿಸತೊಡಗಿದಳು. ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ, ಉಗುಳಲೂ ಆಗದೆ ನುಂಗಲೂ ಆಗದೆ ತಿರುಗಿದಳು. ನನಗೇನು ಗೊತ್ತು? ನಾಲ್ಕು ಜನ ಹೊಗಳಿದ್ದಕ್ಕೆ ತಲೆ ತಿರುಗಿದೆ ಎಂದುಕೊಂಡೆ, ಫೋನಿನಲ್ಲಿ ಹಾಗೆಂದು ಬೈದೂ ಬೈದೆ. ‘ಹೂಂ ಅಕ್ಕ’ ಎಂದಳು.

ಹೀಗಿರುವಾಗ ಅಮ್ಮ ಒಂದು ದಿನ ಊಟ ಮುಗಿಸಿ ಕೈಚೀಲ ಹಿಡಿದು ಹೊರಟರು. ‘ಬಾ, ಪುಟ್ಟಿ ಹತ್ರ ಹೋಗಿಬರೋಣ’ ಎಂದರು. ರದ್ದಿಯನ್ನು ಅಮ್ಮ ಕರೆಯುತ್ತಿದ್ದದ್ದು ಹಾಗೆ. ಚೀಲದಲ್ಲಿ ಏನಿದೆ ಎಂದು ಹೇಳಲಿಲ್ಲ. ನಾವು ಹೋದಾಗ ಚಿಕ್ಕಪ್ಪ ತಮ್ಮ ಸ್ಟೂಲಿನ ಮೇಲೆ, ರದ್ದಿ ತೊಟ್ಟಿಯ ಮುಂದೆ. ಅಮ್ಮ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಗಾಳಿಯಾಡದ ಹಾಗೆ ಬಾಯಿ ಕಟ್ಟಿದ ಕವರು. ಒಳಗೆ ನೀಲಿ ಅಂಗಿ. ಅಪ್ಪ ಕೊನೆಯ ದಿನ ತೊಟ್ಟದ್ದು, ಒಗೆಯದೆ ಇಟ್ಟದ್ದು. ಅದು ಮನೆಯಲ್ಲಿದೆ ಎಂಬುದೇ ನನಗೆ ತಿಳಿದಿರಲಿಲ್ಲ.

‘ಇದನ್ನ ಕೊಡೋಕೆ ಇಷ್ಟು ದಿನ ಮನಸ್ಸು ಬರಲಿಲ್ಲ ಕಣೆ,’ ಎಂದರು ಅಮ್ಮ. ‘ದಿನಾ ಒಂದ್ಸಲ ಬಿಚ್ಚಿ ಮೂಸಿ ನೋಡಿ ಕಟ್ಟಿಡ್ತಿದ್ದೆ. ಈಗ ಬಿಚ್ಚಿದಾಗೆಲ್ಲ ವಾಸನೆ ಕಮ್ಮಿ ಆಗ್ತಾ ಇದೆ. ಆ ಹಾಳೇಲಿ ಹೆಂಗೆ ಉಳಿಸಿದ್ಯೋ ಹಂಗೇ ಇದನ್ನೂ ಉಳಿಸ್ಕೊಡು. ಈ ಸಲ ಯಾರಿಗೂ ಕೊಡಲ್ಲ. ನನಗೇ.’

ರದ್ದಿ ಕೈ ಚಾಚಲಿಲ್ಲ. ಚಿಕ್ಕಪ್ಪನೇ ಎದ್ದು ಬಂದು ಭಕ್ತಿಯಿಂದ ಕವರು ತೆಗೆದುಕೊಂಡು, ಗಂಟು ಬಿಚ್ಚಿ, ಅಂಗಿಯನ್ನು ಮೇಜಿನ ಮೇಲೆ ಹರಡಿದರು. ‘ಕೊಡಿ ಅತ್ತಿಗೆ, ಗುಂಡಿ ಕೆಲಸ ನಂದು’ ಎಂದು ಕತ್ತರಿ ತೆಗೆದರು. ಮೊದಲ ಗುಂಡಿಯ ದಾರಕ್ಕೆ ಕತ್ತರಿ ತಾಗಿತು.

‘ಅಪ್ಪಾ, ಬೇಡ!’

ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿದ್ದಿಲ್ಲ. ಅಂಗಿಯನ್ನು ಕಿತ್ತುಕೊಂಡು ಎದೆಗವಚಿಕೊಂಡಳು. ಒದ್ದೆ ಕೈ ಎಂದು ನೆನಪಾಗಿ ಮತ್ತೆ ಮೇಜಿನ ಮೇಲಿಟ್ಟಳು. ಆ ಕ್ಷಣಕ್ಕೂ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇದೊಂದನ್ನು ಹಾಗೇ ಇಟ್ಕೊಳ್ಳಿ ದೊಡ್ಡಮ್ಮ ಎಂದಿದ್ದರೆ ಅಮ್ಮ ಒಪ್ಪುತ್ತಿದ್ದರು. ಹಾಗೆನ್ನಲಿಲ್ಲ. ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು, ಸುಡದೆ ಬಿಟ್ಟ ಎಳೆಯಿಂದ ನೀಲಿ ಬಣ್ಣದ ತನಕ. ಎಲ್ಲೂ ಅಮ್ಮನ ಮಾತಿನ ಮೇಲೆ ತಪ್ಪು ಹೊರಿಸಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ನನ್ನಪ್ಪನ ಅಂಗಿ ಅವು. ಬಾಯಿ ತೆರೆದೆ. ಅಷ್ಟರಲ್ಲಿ ಆ ಅಂಗಿಗಳನ್ನು ಕೊಂಡವಳು ನಾನೇ ಎಂಬುದು ನೆನಪಾಯಿತು. ಅಮ್ಮನ ಭುಜನೋವಿಗೆಂದು, ಇಸ್ತ್ರಿ ಬೇಡದ ಬಟ್ಟೆಯೇ ಬೇಕೆಂದು ಅಂಗಡಿಯವನಿಗೆ ಗಂಟುಬಿದ್ದು ತಂದಿದ್ದೆ. ಇಸ್ತ್ರಿ ಬೇಡದ ಹತ್ತಿ ಎಲ್ಲಿಯದು? ತೆರೆದ ಬಾಯಿ ಮುಚ್ಚಿಕೊಂಡೆ.

‘ಹೋಟ್ಲು ದುಪ್ಪಟೀನಾ?’ ಎಂದರು ಚಿಕ್ಕಪ್ಪ. ಕತ್ತರಿ ಇನ್ನೂ ಕೈಯಲ್ಲೇ ಇತ್ತು. ‘ನಾನು ಎಲ್ರಿಗೂ ಹೇಳ್ಬಿಟ್ಟಿದೀನಲ್ಲೇ.’

‘ಗೊತ್ತಪ್ಪ.’

‘ಮನೆಗೆ ಬಂದವರಿಗೆಲ್ಲ ಹೇಳಿದೀನಿ.’

‘ಗೊತ್ತು.’

ಅವರು ಕತ್ತರಿಯನ್ನು ಅದರ ಜಾಗದಲ್ಲಿ ಇಟ್ಟು, ಹೋಗಿ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತರು. ರದ್ದಿಯ ಮುಖ ಕಿವಿಯ ತನಕ ಕೆಂಪೇರಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅವಳು ನಿಜವಾಗಿ ಕಾಲ ಬುಡವನ್ನೇ ನೋಡುತ್ತಿದ್ದಳು.

ಅಮ್ಮ ಮಾತ್ರ ಏನೂ ಆಗದವರ ಹಾಗೆ ಕೇಳಿದರು. ‘ಹಂಗಾದ್ರೆ ಅವರ ಅಂಗಿ ಎಲ್ಲಿ?’

ಮೇಜಿನ ಕೆಳಗಿನಿಂದ ಅವಳು ಒಂದು ಮುಚ್ಚಳದ ಬಕೆಟ್ಟು ಎಳೆದಳು. ಎಸೆಯಲು ಮನಸ್ಸು ಬಂದಿರಲಿಲ್ಲ. ಒಳಗೆ ಬೂದಿ ಮಿಶ್ರಿತ ನೀಲಿಯ ಒಂದು ಮುದ್ದೆ. ಅಮ್ಮ ನೆಲದ ಮೇಲೆ ಕೂತು ಅದರೊಳಗೆ ಕೈ ಹಾಕಿದರು. ಕಾಲರು ಎಲ್ಲಿ, ಜೇಬು ಎಲ್ಲಿ ಎಂದು ಹುಡುಕುವವರ ಹಾಗೆ ಹಿಂಜಿ ಹಿಂಜಿ ನೋಡಿದರು. ಏನೂ ಸಿಗಲಿಲ್ಲ. ಎಷ್ಟು ಹಿಂಜಿದರೂ ಎಳೆಯೇ ಬರುತ್ತಿತ್ತು.

‘ಆಗಲ್ಲ ಅಂತ ಒಂದು ಮಾತು ಅಂದಿದ್ರೆ ಆಗಿತ್ತು’ ಎಂದರು ಕೊನೆಗೆ. ‘ವಾಪಸ್ ತಗೊಂಡು ಹೋಗಿ ಮತ್ತೆ ಅಲ್ಲೇ ನೇತುಹಾಕ್ತಿದ್ದೆ. ಅಷ್ಟೇ ತಾನೇ?’

ಅವಳು, ‘ದೊಡ್ಡಮ್ಮ’ ಎಂದಳು.

ಅಮ್ಮ ಎದ್ದರು. ಮೇಜಿನ ಮೇಲಿನ ಅಂಗಿಯನ್ನು ಮಡಚಿ, ಒದ್ದೆ ಕೈಯ ಗುರುತು ಬಿದ್ದ ಕಡೆ ತಮ್ಮ ಬಟ್ಟೆಯಿಂದ ಒತ್ತಿ ಒರೆಸಿ, ಕವರಿಗೆ ಹಾಕಿ ಬಾಯಿ ಕಟ್ಟಿದರು. ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು. ನಾನು ಹಿಂದೆಯೇ ಓಡಿದೆ. ಬೀದಿಯ ತಿರುವಿನಲ್ಲಿ ಅಮ್ಮನ ಕೈ ಹಿಡಿದು ನಿಲ್ಲಿಸಿದೆ. ನನ್ನ ಪಾಲಿನ ತಪ್ಪನ್ನು, ಅಂಗಡಿಯ ವಿಷಯವನ್ನು, ಅಲ್ಲೇ ನಿಂತು ಹೇಳಿಕೊಂಡೆ. ಕೇಳಿಸಿತೋ ಇಲ್ಲವೋ. ಬಸ್ಸು ಬರುವುದು ಕಂಡಾಗ ಅಮ್ಮ ನನ್ನ ಕೈ ಬಿಡಿಸಿಕೊಂಡರು.

‘ನೀನು ವಾಪಸ್ ಹೋಗು’ ಎಂದರು. ‘ಅವಳ ಅಪ್ಪ ಗೋಡೆ ನೋಡ್ಕೊಂಡು ಕೂತಿದಾನೆ, ಅವನಿಂದ ಏನೂ ಆಗಲ್ಲ. ಅವಳನ್ನ ಒಬ್ಬಳನ್ನೇ ಬಿಡಬೇಡ. ಪಕ್ಕದಲ್ಲಿ ಕೂತ್ಕೊ.’

‘ನೀನೇ ಬಾರಮ್ಮ. ನೀನು ಒಂದು ಮಾತು ಅಂದ್ರೆ ಸಾಕು ಅವಳಿಗೆ.’

‘ಗೊತ್ತು’ ಎಂದರು ಅಮ್ಮ. ಚೀಲವನ್ನು ಎದೆಗೆ ಒತ್ತಿಕೊಂಡು ಬಸ್ಸಿನ ಮೆಟ್ಟಿಲು ಹತ್ತಿದರು. ‘ಇವತ್ತು ನನ್ನ ಕೈಲಾಗಲ್ಲ.’